ಮಾನವ ತದ್ರೂಪಿ: ಆಗುವುದಿಲ್ಲವೋ, ಆಗಬಾರದೋ?

(ಟುಬ್ಲಿಯಲ್ಲಿ ನಡೆದ ವಿಚಾರ ಸಂಕಿರಣದ ದಿಕ್ಸೂಚಿ ಭಾಷಣದ ಪಠ್ಯ)



ಮಾನವ ಕ್ಲೋನಿಂಗ್‌ನ ನೈತಿಕತೆಯ ಬಗ್ಗೆ ಮಾತಾಡಬೇಕು ಎಂದು ಸಂಘಟಕರು ಕೇಳಿದಾಗ ನಾನು ಒಂದು ವಾರ ಉತ್ತರ ಕೊಡಲಿಲ್ಲ. ನಾನು ವಿಜ್ಞಾನಿಯಲ್ಲ. ಈ ದ್ವೀಪದಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ಮಾಷ್ಟ್ರು, ಅಷ್ಟೆ. ಆದರೆ ಈ ವಿಷಯದಲ್ಲಿ ನನ್ನದೊಂದು ಹಳೆಯ ಬಾಕಿ ಇದೆ. ಅದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಸಭೆ ಸಿಗಲಿಕ್ಕಿಲ್ಲ ಎಂದು ಒಪ್ಪಿಕೊಂಡೆ.

ಮೊದಲು ಪದದ ಭಯ ಕಳೆಯೋಣ. ಇಲ್ಲಿ ಕೆಲವರು ಶಂಕರಪುರ ಮಲ್ಲಿಗೆ ಮುಡಿದು ಬಂದಿದ್ದೀರಿ. ಉಡುಪಿಯ ಕಡೆ ಆ ಗಿಡವನ್ನು ಯಾರೂ ಬೀಜ ಹಾಕಿ ಬೆಳೆಸುವುದಿಲ್ಲ, ಗೆಲ್ಲು ನೆಟ್ಟು ಬೆಳೆಸುತ್ತಾರೆ. ಅಂದರೆ ನಿಮ್ಮ ಮುಡಿಯಲ್ಲಿರುವುದು ಕ್ಲೋನ್. ಉಪ್ಪಿನಕಾಯಿಯ ಅಪ್ಪೆಮಿಡಿಯೂ ಹಾಗೆಯೇ. ಒಂದು ಮರದ ಪರಿಮಳ ಉಳಿಯಬೇಕಾದರೆ ಕಸಿ ಕಟ್ಟಬೇಕು, ಗೊರಟು ಊರಿದರೆ ಅದೇ ಪರಿಮಳ ಬರುತ್ತದೆಂಬ ಭರವಸೆ ಇಲ್ಲ. ಬಹ್ರೇನಿನ ಖರ್ಜೂರದ ಕಥೆಯೂ ಬೇರೆಯಲ್ಲ. ಬೀಜ ಬಿತ್ತಿದರೆ ಹುಟ್ಟುವ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಉಳಿದ ಅರ್ಧದ ಹಣ್ಣು ಹೇಗಿರುತ್ತದೋ ದೇವರೇ ಬಲ್ಲ. ಅದಕ್ಕೇ ಇಲ್ಲಿನ ರೈತರು ಸಾವಿರಾರು ವರ್ಷಗಳಿಂದ ತಾಯಿಮರದ ಬುಡದಲ್ಲಿ ಬರುವ ಮರಿಯನ್ನು ಕಿತ್ತು ನೆಡುತ್ತಾ ಬಂದಿದ್ದಾರೆ. ನಮ್ಮ ಅಡಿಕೆಗೆ ಬುಡದಲ್ಲಿ ಮರಿ ಬರುವುದಿಲ್ಲ, ಬೀಜದಿಂದಲೇ ಬರಬೇಕು. ಅದಕ್ಕೇ ತೋಟದಲ್ಲಿ ಒಂದು ಮರದ ಹಾಗೆ ಇನ್ನೊಂದಿಲ್ಲ. ಕ್ಲೋನ್ ಎಂಬ ಪದವೂ ತೋಟದಿಂದಲೇ ಬಂದದ್ದು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಚಿಗುರು, ಕೊಂಬೆ ಎಂಬ ಅರ್ಥ. 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹರ್ಬರ್ಟ್ ವೆಬರ್ ಹೀಗೆ ತುಂಡಿನಿಂದ ಬೆಳೆದ ಗಿಡಗಳಿಗೆ ಆ ಹೆಸರಿಟ್ಟರು.

ಗಿಡ ಮಾಡುವ ಈ ಕೆಲಸವನ್ನು ಸಸ್ತನಿ ಪ್ರಾಣಿ ತಾನಾಗಿ ಮಾಡುವುದಿಲ್ಲ. ಅವಳಿಜವಳಿಯೊಂದೇ ಅದಕ್ಕೆ ಹೊರತು. ಮಾಡಿಸಿದ್ದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆ. ಆರು ವರ್ಷದ ಒಂದು ಕುರಿಯ ಕೆಚ್ಚಲಿನಿಂದ ತೆಗೆದ ಜೀವಕೋಶವನ್ನು, ಕೋಶಕೇಂದ್ರ ತೆಗೆದು ಖಾಲಿ ಮಾಡಿದ ಇನ್ನೊಂದು ಕುರಿಯ ಅಂಡಾಣುವಿಗೆ ಸೇರಿಸಿ, ವಿದ್ಯುತ್ತಿನ ಸಣ್ಣ ತಟ್ಟು ಕೊಟ್ಟು, ಬೆಳೆದ ಭ್ರೂಣವನ್ನು ಮೂರನೆಯ ಕುರಿಯ ಗರ್ಭದಲ್ಲಿಟ್ಟರು. 1996ರ ಜುಲೈ 5ರಂದು ಡಾಲಿ ಹುಟ್ಟಿತು. ಜಗತ್ತಿಗೆ ಗೊತ್ತಾದದ್ದು 1997ರ ಫೆಬ್ರವರಿಯಲ್ಲಿ. ಹೀಗೆ ಕೋಶ ಸೇರಿಸಿದ ಅಂಡಾಣುಗಳು 277. ಅವುಗಳಲ್ಲಿ ಗರ್ಭಕ್ಕೆ ಇಡಲು ಯೋಗ್ಯವಾದ ಭ್ರೂಣಗಳು 29. ಹುಟ್ಟಿದ ಮರಿ 1. ಈ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ನನ್ನ ಬಾಕಿಯ ವಿಷಯ.

2002ರ ಡಿಸೆಂಬರ್ ಕೊನೆಗೆ, ಹಾರುವ ತಟ್ಟೆಗಳಲ್ಲಿ ನಂಬಿಕೆಯಿಟ್ಟ ಒಂದು ಪಂಥಕ್ಕೆ ಸೇರಿದ ಕ್ಲೋನೇಡ್ ಎಂಬ ಕಂಪನಿ ಮೊದಲ ಮಾನವ ತದ್ರೂಪಿ ಶಿಶು ಹುಟ್ಟಿದೆ ಎಂದು ಪತ್ರಿಕಾಗೋಷ್ಠಿ ಕರೆಯಿತು. ಪುರಾವೆ ಅಂದೂ ಕೊಡಲಿಲ್ಲ, ಇಂದಿಗೂ ಇಲ್ಲ. ಆದರೆ ಸುದ್ದಿ ಎಲ್ಲ ಟಿವಿಗಳಲ್ಲೂ ಬಂತು. ಅದಾಗಿ ನಾಲ್ಕೈದು ದಿನಕ್ಕೆ ರಾತ್ರಿ ನನಗೊಂದು ಫೋನ್. ನಮ್ಮ ಕರಾವಳಿಯ ಕಡೆಯವರೇ. ಹಿಂದಿನ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ಹೊಳೆಯಲ್ಲಿ ಮಗನನ್ನು ಕಳೆದುಕೊಂಡವರು. ಒಬ್ಬನೇ ಮಗ, ಹನ್ನೊಂದು ವರ್ಷ. ನನ್ನ ಶಾಲೆಯ ಹುಡುಗನಾಗಿದ್ದ. ಆಕೆ ಸುದ್ದಿಯ ಬಗ್ಗೆ ಏನೂ ಕೇಳಲಿಲ್ಲ. ನೇರವಾಗಿ, "ಮಾಷ್ಟ್ರೇ, ಅವನ ಕೂದಲು ಸ್ವಲ್ಪ ಉಂಟು, ಎತ್ತಿಟ್ಟಿದ್ದೇನೆ. ಅದು ಸಾಕಾಗ್ತದಾ?" ಎಂದರು.

ನಾನು ಹೇಳಿದೆ: "ಇಲ್ಲಮ್ಮ, ಆಗುವುದಿಲ್ಲ. ಕತ್ತರಿಸಿದ ಕೂದಲಲ್ಲಿ ಜೀವಂತ ಕೋಶ ಇರುವುದಿಲ್ಲ."

"ಹೌದಾ" ಎಂದು ಅವರು ಫೋನ್ ಇಟ್ಟರು.

ನನ್ನ ಉತ್ತರದಲ್ಲಿ ತಪ್ಪಿರಲಿಲ್ಲ. ಪರೀಕ್ಷೆಯಲ್ಲಿ ಬರೆದರೆ ಪೂರ್ಣ ಅಂಕ. ಆದರೆ ಕನ್ನಡದಲ್ಲಿ ನಾವು "ಆಗುವುದಿಲ್ಲ" ಎಂಬ ಒಂದೇ ಮಾತನ್ನು ಎರಡು ಕೆಲಸಕ್ಕೆ ಬಳಸುತ್ತೇವೆ. ನೂರು ಕಿಲೋದ ಮೂಟೆ ಎತ್ತಲು ಆಗುವುದಿಲ್ಲ. ಲಂಚ ತೆಗೆದುಕೊಳ್ಳಲೂ ನನ್ನಿಂದ ಆಗುವುದಿಲ್ಲ. ಮೊದಲನೆಯದು ತೋಳಿನ ಮಾತು, ಎರಡನೆಯದು ಮನಸ್ಸಿನ ಮಾತು. ಆ ರಾತ್ರಿ ನಾನು ತೋಳಿನ ಮಾತು ಮಾತ್ರ ಹೇಳಿದೆ. ಮನಸ್ಸಿನ ಮಾತು ಏನೆಂದು ನನಗೇ ಗೊತ್ತಿರಲಿಲ್ಲ.

ತೋಳಿನ ಮಾತಿಗೆ ಒಂದು ದೋಷವಿದೆ. ಅದು ಹಳತಾಗುತ್ತದೆ. 2009ರ ಏಪ್ರಿಲ್ 8ರಂದು ನಮ್ಮ ನೆರೆಯ ದುಬೈಯಲ್ಲಿ, ಒಂಟೆ ಸಂತಾನೋತ್ಪತ್ತಿ ಕೇಂದ್ರದಲ್ಲಿ, ಇಂಜಾಜ್ ಎಂಬ ಹೆಣ್ಣು ಮರಿ ಹುಟ್ಟಿತು. ಅರಬ್ಬಿಯಲ್ಲಿ ಇಂಜಾಜ್ ಎಂದರೆ ಸಾಧನೆ. ಜಗತ್ತಿನ ಮೊದಲ ತದ್ರೂಪಿ ಒಂಟೆ ಅದು. ಮಾಡಿದ ತಂಡದ ಮುಖ್ಯಸ್ಥರು ಕಾಶ್ಮೀರ ಮೂಲದ ನಿಸಾರ್ ವಾನಿ. ಆ ಮರಿಯ ಮೂಲ ಕೋಶ ಕೊಟ್ಟ ಒಂಟೆ ಆಗ ಬದುಕಿರಲಿಲ್ಲ. 2005ರಲ್ಲಿ ಮಾಂಸಕ್ಕಾಗಿ ಕಡಿದ ಒಂಟೆಯ ಅಂಡಾಶಯದ ಕೋಶಗಳನ್ನು ಬೆಳೆಸಿ, ಹಿಮದಂತೆ ಗಟ್ಟಿಮಾಡಿ ಇಟ್ಟಿದ್ದರು. ಪತ್ರಿಕೆಯಲ್ಲಿ ಇದನ್ನು ಓದಿ ನಾನು ಬೆವತೆ. ಆ ತಾಯಿ ಮತ್ತೆ ಫೋನ್ ಮಾಡಿ, "ಕೂದಲಲ್ಲ ಮಾಷ್ಟ್ರೇ, ಆಸ್ಪತ್ರೆಯಲ್ಲಿ ಚರ್ಮದ ತುಂಡು ತೆಗೆಸಿಡಬಹುದಿತ್ತಲ್ಲ, ಆಗ ಯಾಕೆ ಹೇಳಲಿಲ್ಲ?" ಎಂದು ಕೇಳಿದರೆ? ಕೇಳಲಿಲ್ಲ. ಅವರು ಅಷ್ಟರಲ್ಲಿ ಊರಿಗೆ ಮರಳಿದ್ದರು.

ಅದೇ ವರ್ಷ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ ಎಮ್ಮೆಯ ತದ್ರೂಪಿಯೂ ಆಯಿತು. ಫೆಬ್ರವರಿಯಲ್ಲಿ ಹುಟ್ಟಿದ ಮೊದಲ ಕರು ಕೆಲವೇ ದಿನ ಬದುಕಿತು. ಜೂನ್‌ನಲ್ಲಿ ಹುಟ್ಟಿದ ಗರಿಮಾ ಉಳಿಯಿತು. 2018ರಲ್ಲಿ ಚೀನಾದವರು ಮಂಗಗಳನ್ನೂ ಮಾಡಿ ತೋರಿಸಿದರು. ಮಂಗನವರೆಗೆ ಬಂದಮೇಲೆ ಮನುಷ್ಯನ ವಿಷಯದಲ್ಲಿ "ಆಗುವುದಿಲ್ಲ" ಎನ್ನುವುದು ಎಷ್ಟು ದಿನದ ಮಾತು? ಹಾಗಾಗಿ "ಆಗಬಾರದು" ಎನ್ನುವುದಾದರೆ ಅದಕ್ಕೆ ಬೇರೆಯೇ ಕಾರಣ ಹುಡುಕಬೇಕು. ಅಂದಿನಿಂದ ಹುಡುಕುತ್ತಿದ್ದೇನೆ.

ಸಾಮಾನ್ಯವಾಗಿ ಮೊದಲು ಬರುವ ಕಾರಣ, ಇದು ಪ್ರಕೃತಿಗೆ ವಿರುದ್ಧ, ದೇವರ ಕೆಲಸಕ್ಕೆ ಕೈಹಾಕಿದಂತೆ ಎಂಬುದು. ಭಕ್ತಿಯುಳ್ಳವರ ಮನಸ್ಸು ನೋಯಿಸಲು ಹೇಳುತ್ತಿಲ್ಲ, ಆದರೆ ಈ ಕಾರಣ ನನಗೆ ಸಾಲದು. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದಾಗಲೂ ಇದೇ ಮಾತು ಕೇಳಿಬಂತು. ಅದಾದ ಅರವತ್ತೇಳೆಪ್ಪತ್ತು ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ, ಹೊರದೇಶಕ್ಕೆ ಹೋಗಿ ಪ್ರಬಂಧ ಓದಲೂ ಬಿಡಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಪಡೆದಿದ್ದ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅವರೇ 1997ರಲ್ಲಿ ಮುಖರ್ಜಿಯವರ ಟಿಪ್ಪಣಿ ಪುಸ್ತಕಗಳನ್ನು ಓದಿ, ಮೊದಲಿಗ ನಾನಲ್ಲ, ಅವರು ಎಂದು ಸಾರಿದರು. ನಮ್ಮಲ್ಲಿ ಇಂಥ ಮನುಷ್ಯರೂ ಇದ್ದರು. ಇಂದು ಜಗತ್ತಿನಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಆ ವಿಧಾನದಿಂದ ಹುಟ್ಟಿದವರು. ಅವರಲ್ಲಿ ಕೆಲವರು ಈ ಸಭೆಯಲ್ಲೂ ಇರಬಹುದು. ಅಸಹಜ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿದ್ದರೆ ಅವರಿಗೆ ಏನೆನ್ನುತ್ತಿದ್ದೆವು?

ಎರಡನೆಯ ಕಾರಣಕ್ಕೆ ತೂಕವಿದೆ. ಡಾಲಿಯ ಲೆಕ್ಕ ನೆನಪಿಟ್ಟುಕೊಳ್ಳಿ ಎಂದಿದ್ದೆ. ಚೀನಾದ ಎರಡು ಮಂಗನ ಮರಿಗಳಿಗಾಗಿ 79 ಭ್ರೂಣಗಳನ್ನು 21 ಹೆಣ್ಣು ಮಂಗಗಳ ಗರ್ಭದಲ್ಲಿಟ್ಟಿದ್ದರು. ಅದೂ ಗರ್ಭದಲ್ಲಿದ್ದ ಭ್ರೂಣದಿಂದ ತೆಗೆದ ಕೋಶಗಳು. ಬೆಳೆದ ಮಂಗದ ಕೋಶಗಳಿಂದಲೂ ಎರಡು ಮರಿ ಹುಟ್ಟಿದವು, ಎರಡೂ ಬೇಗನೇ ಸತ್ತವು. ಈಗ ಮಂಗದ ಜಾಗದಲ್ಲಿ ಹೆಂಗಸರನ್ನು ಇಟ್ಟು ನೋಡಿ. ಅಂಡಾಣು ಕೊಡುವವರು ಯಾರು? ದಕ್ಷಿಣ ಕೊರಿಯಾದ ಹ್ವಾಂಗ್ ವೂ ಸುಕ್ ಎಂಬ ವಿಜ್ಞಾನಿ ಮಾನವ ಭ್ರೂಣದ ತದ್ರೂಪಿಯಿಂದ ಕಾಂಡಕೋಶ ತೆಗೆದೆನೆಂದು 2004 ಮತ್ತು 2005ರಲ್ಲಿ ಪ್ರಕಟಿಸಿ, ಅದು ಸುಳ್ಳೆಂದು ಬಯಲಾದಾಗ ಇನ್ನೊಂದು ಸತ್ಯವೂ ಹೊರಬಿತ್ತು. ಬಳಸಿದ್ದು 2,000ಕ್ಕೂ ಹೆಚ್ಚು ಅಂಡಾಣುಗಳು. ಕೊಟ್ಟವರಲ್ಲಿ ಅವರ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಇದ್ದರು. ಗುರುವಿಗೆ ಶಿಷ್ಯೆ "ಇಲ್ಲ" ಎನ್ನುವುದು ಎಷ್ಟು ಕಷ್ಟ ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಗರ್ಭ ಕೊಡುವವರು ಯಾರು ಎಂಬುದಕ್ಕೂ ದೂರ ಹೋಗುವುದು ಬೇಡ. ಬಾಡಿಗೆ ತಾಯ್ತನ ನಮ್ಮ ದೇಶದಲ್ಲಿ ವ್ಯಾಪಾರವಾಗಿ ಬೆಳೆದದ್ದನ್ನು, ಕೊನೆಗೆ 2021ರಲ್ಲಿ ಅದನ್ನು ತಡೆಯಲು ಕಾನೂನು ತರಬೇಕಾದದ್ದನ್ನು ಎಲ್ಲರೂ ನೋಡಿದ್ದೇವೆ. ಹೊಟ್ಟೆಪಾಡಿಗೆ ಹೊಟ್ಟೆಯನ್ನೇ ಬಾಡಿಗೆಗೆ ಕೊಟ್ಟವರು ಉಳ್ಳವರ ಮನೆಯವರಾಗಿರಲಿಲ್ಲ.

ಆದರೂ ಇದು ಕೂಡ ತೋಳಿನ ಮಾತಿನ ದೊಡ್ಡಣ್ಣನೇ. ನಾಳೆ ನೂರಕ್ಕೆ ನೂರು ಯಶಸ್ವಿಯಾಗುವ ವಿಧಾನ ಬಂದರೆ? ಆಗಲೂ ಉಳಿಯುವ ಕಾರಣ ಬೇಕು.

ಅದು ನನಗೆ ಸಿಕ್ಕಿದ್ದು ಒಂದು ಬೆಕ್ಕಿನಿಂದ ಮತ್ತು ಒಂದು ಅಜ್ಜಿಕತೆಯಿಂದ.

ಬೆಕ್ಕು ಅಮೆರಿಕದ ಟೆಕ್ಸಸ್‌ನದು. 2001ರ ಡಿಸೆಂಬರ್‌ನಲ್ಲಿ ಹುಟ್ಟಿದ ಮೊದಲ ತದ್ರೂಪಿ ಬೆಕ್ಕು, ಹೆಸರು ಸಿಸಿ. ಕೋಶ ಕೊಟ್ಟ ರೇನ್‌ಬೋ ಎಂಬ ಬೆಕ್ಕಿನ ಮೈಮೇಲೆ ಕಿತ್ತಳೆ, ಕಪ್ಪು, ಬಿಳಿ ಬಣ್ಣ. ಸಿಸಿಯ ಮೈಮೇಲೆ ಕಿತ್ತಳೆಯ ಸುಳಿವೇ ಇಲ್ಲ! ವಂಶವಾಹಿಗಳು ಅವೇ. ಆದರೆ ಹೆಣ್ಣುಬೆಕ್ಕಿನಲ್ಲಿ ಬಣ್ಣದ ವಂಶವಾಹಿ ಇರುವ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಪ್ರತಿ ಕೋಶದಲ್ಲೂ ನಿದ್ದೆ ಹೋಗುತ್ತದೆ. ಸಿಸಿಯನ್ನು ಮಾಡಿದ ಕೋಶದಲ್ಲಿ ಕಿತ್ತಳೆ ಬಣ್ಣದ್ದು ಮಲಗಿತ್ತು, ಏಳಲೇ ಇಲ್ಲ. ಸಿಸಿ ಹದಿನೆಂಟು ವರ್ಷ ಆರೋಗ್ಯವಾಗಿ ಬದುಕಿತು, ಆದರೆ ರೇನ್‌ಬೋ ಆಗಿ ಅಲ್ಲ. ಬೆಕ್ಕಿನ ತೊಗಲೇ ಹೀಗೆ ಮೋಸ ಮಾಡುವುದಾದರೆ, ಮನುಷ್ಯನ ಸ್ವಭಾವ, ನೆನಪು, ಹೊಳೆ ಕಂಡರೆ ಹಾರುವ ಹುಚ್ಚು ಇವೆಲ್ಲ ಮರಳಿ ಬಂದಾವೆಯೇ? ಕ್ಲೋನಿಂಗ್ ಸತ್ತವರನ್ನು ತರುವುದಿಲ್ಲ. ಸತ್ತವರ ತಡವಾಗಿ ಹುಟ್ಟಿದ ಅವಳಿಯನ್ನು ತರುತ್ತದೆ.

ಅಜ್ಜಿಕತೆ ಲವಕುಶರದು. ವಾಲ್ಮೀಕಿ ರಾಮಾಯಣದಲ್ಲಿ ಅವರು ಅವಳಿಗಳು. ಆದರೆ ಕಥಾಸರಿತ್ಸಾಗರದಲ್ಲಿ, ನಮ್ಮ ಹಳ್ಳಿಗಳಲ್ಲಿ ಹೇಳುವ ಕತೆಗಳಲ್ಲಿ ಕೂಡ, ಸೀತೆ ಹೆತ್ತದ್ದು ಲವನೊಬ್ಬನನ್ನೇ. ಒಂದು ದಿನ ಆಕೆ ಋಷಿಗೆ ತಿಳಿಯದಂತೆ ಮಗುವನ್ನು ಎತ್ತಿಕೊಂಡು ಹೋಗಿರುತ್ತಾಳೆ. ಬಂದು ನೋಡಿದ ಋಷಿಗೆ ಮಗು ಕಾಣದೆ ಗಾಬರಿ. ತಾಯಿಗೆ ಏನು ಉತ್ತರ ಹೇಳಲಿ ಎಂದು ದರ್ಭೆಯಿಂದ ಅಂಥದೇ ಇನ್ನೊಂದು ಮಗುವನ್ನು ಮಾಡಿ ಮಲಗಿಸುತ್ತಾನೆ. ಸೀತೆ ಲವನನ್ನು ಎತ್ತಿಕೊಂಡೇ ವಾಪಸು ಬರುತ್ತಾಳೆ. ಈಗ ಎರಡು. ದರ್ಭೆಗೆ ಕುಶ ಎಂದೂ ಹೆಸರು, ಮಗುವಿಗೂ ಅದೇ ಹೆಸರಾಯಿತು.

ಚಿಕ್ಕವನಿದ್ದಾಗ ಇದನ್ನು ಪವಾಡವೆಂದು ಕೇಳಿದ್ದೆ. ಈಗ ನೋಡಿದರೆ ಇದರಲ್ಲಿ ಇಡೀ ಪ್ರಶ್ನೆಯೇ ಇದೆ. ಋಷಿ ಕುಶನನ್ನು ಮಾಡಿದ್ದು ಕುಶನಿಗಾಗಿ ಅಲ್ಲ. ಇಲ್ಲದ ಲವನ ಜಾಗ ತುಂಬಲು, ತನ್ನ ಗಾಬರಿ ಕಳೆಯಲು. ಲವ ನಿಜವಾಗಿಯೂ ಹೋಗಿಬಿಟ್ಟಿದ್ದರೆ ಆ ಮಗು ಬದುಕಿಡೀ ಲವನಾಗಿಯೇ ಇರಬೇಕಿತ್ತು. ಅವನ ಹೆಸರು, ಅವನ ಬಟ್ಟೆ, ಅವನಿಗೆ ಇಷ್ಟವಾಗಿದ್ದ ತಿಂಡಿ. ಸ್ವಲ್ಪ ಬೇರೆ ನಡೆದರೆ "ಅವನು ಹೀಗೆ ಮಾಡುತ್ತಿರಲಿಲ್ಲ" ಎಂಬ ಮಾತು. ಲವ ಮರಳಿ ಬಂದದ್ದರಿಂದಲೇ ಕುಶನಿಗೆ ತನ್ನದೇ ಹೆಸರು ಸಿಕ್ಕಿತು. ಸೀತೆಯೂ ಇವನನ್ನು ನಕಲು ಎನ್ನದೆ ಮಗ ಎಂದಳು.

ಹೊಳೆಯಲ್ಲಿ ಹೋದ ಹುಡುಗ ಮರಳುವುದಿಲ್ಲ. ಅವನ ಜಾಗಕ್ಕೆ ಹುಟ್ಟಿದವನಿಗೆ ತನ್ನ ಹೆಸರು ಎಂದೂ ಸಿಗುತ್ತಿರಲಿಲ್ಲ. ಅವನು ಹನ್ನೊಂದು ತುಂಬುವವರೆಗೆ ತಾಯಿ ಅವನನ್ನು ನೀರಿನ ಹತ್ತಿರ ಬಿಡುತ್ತಿರಲಿಲ್ಲ. ತುಂಬಿದ ಮೇಲೆ ಅವನ ಮುಖದಲ್ಲಿ ಯಾರನ್ನು ನೋಡುತ್ತಿದ್ದರು? ಇದೇ ನನ್ನ "ಆಗಬಾರದು". ತಂತ್ರ ಎಷ್ಟು ಸುಧಾರಿಸಿದರೂ ಇದು ಹಳತಾಗುವುದಿಲ್ಲ. ಇದರ ಜೊತೆಗೇ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮುಂದೊಂದು ದಿನ ಯಾರೋ ಎಲ್ಲೋ ಕಾನೂನು ಮೀರಿ ಮಾಡಿಯೇಬಿಟ್ಟರೆ, ಹುಟ್ಟಿದ ಮಗು ಪೂರ್ತಿ ಮನುಷ್ಯ. ಅಪರಾಧ ಮಾಡಿದವರದು. ಮಗುವಿಗೆ ನಾವು ಸೀತೆಯಾಗಬೇಕು.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 1997ರಲ್ಲೇ, ಡಾಲಿಯ ಸುದ್ದಿ ಬಂದ ಕೆಲವೇ ತಿಂಗಳಲ್ಲಿ, ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಮಾನವ ಕ್ಲೋನಿಂಗ್ ನಿಷಿದ್ಧ ಎಂದು ತೀರ್ಮಾನಿಸಿತು. ಸಸ್ಯ ಮತ್ತು ಪ್ರಾಣಿಗಳಲ್ಲಿ ಮಿತಿಯೊಳಗೆ ನಡೆಯಬಹುದು ಎಂದಿತು. ಖರ್ಜೂರದ ನಾಡಿನವರಿಗೆ ಆ ವ್ಯತ್ಯಾಸ ಸಹಜವೇ. 2005ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಘೋಷಣೆ 84 ಪರ, 34 ವಿರುದ್ಧ ಮತಗಳಿಂದ ಅಂಗೀಕಾರವಾಯಿತು, 37 ದೇಶಗಳು ತಟಸ್ಥ. ಭಾರತ ವಿರುದ್ಧ ಮತ ಹಾಕಿತು. ಗಾಬರಿಯಾಗಬೇಡಿ. ಮಗು ಹುಟ್ಟಿಸುವ ಕ್ಲೋನಿಂಗ್ ಬೇಡವೆಂಬುದರಲ್ಲಿ ಭಾರತಕ್ಕೆ ತಕರಾರಿರಲಿಲ್ಲ, ಚಿಕಿತ್ಸೆಗಾಗಿ ಕೋಶ ಬೆಳೆಸುವ ಸಂಶೋಧನೆಯನ್ನೂ ಅದರ ಜೊತೆ ಕಟ್ಟಿಹಾಕಬಾರದು ಎಂಬುದು ವಾದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯಲ್ಲೂ ಮಾನವ ತದ್ರೂಪಿ ನಿಷಿದ್ಧ.

ಇಷ್ಟು ಹೊತ್ತು ನಾನು ಸುಲಭದ ಪ್ರಶ್ನೆಗೇ ಉತ್ತರ ಹೇಳಿದೆ. ಈ ದ್ವೀಪದಲ್ಲಿ ಇದಕ್ಕೆ ತೀರ ಹತ್ತಿರದ ಕಷ್ಟದ ಪ್ರಶ್ನೆಯೊಂದಿದೆ. ಬಹ್ರೇನಿನಲ್ಲಿ ಸಿಕಲ್ ಸೆಲ್ ಕಾಯಿಲೆ, ಥಲಸೀಮಿಯಾ ಎರಡೂ ಹೆಚ್ಚು. ಸಿಕಲ್ ಸೆಲ್‌ನಲ್ಲಿ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ತರಗತಿಯ ಮಧ್ಯೆ ನೋವಿನಿಂದ ಮುದುಡಿದ ಮಕ್ಕಳನ್ನು ನಾನು ಕಂಡಿದ್ದೇನೆ. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಜನರಲ್ಲೂ ಈ ಕಾಯಿಲೆ ಇದೆ. ಅಸ್ಥಿಮಜ್ಜೆ ಬದಲಿಸಿದರೆ ಗುಣವಾಗಬಹುದು, ಆದರೆ ಹೊಂದುವ ದಾನಿ ಬೇಕು. ಒಡಹುಟ್ಟಿದವರಲ್ಲಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಗ ಕೆಲವು ತಂದೆತಾಯಿ ಪ್ರಯೋಗಾಲಯದಲ್ಲಿ ಹಲವು ಭ್ರೂಣಗಳನ್ನು ಮಾಡಿಸಿ, ಕಾಯಿಲೆ ಇಲ್ಲದ, ಅಣ್ಣನಿಗೋ ಅಕ್ಕನಿಗೋ ಹೊಂದುವ ಒಂದನ್ನು ಆರಿಸಿ ಹೆರುತ್ತಾರೆ. ಅಮೆರಿಕದಲ್ಲಿ 2000ರಲ್ಲಿ ಇದು ಮೊದಲು ನಡೆಯಿತು. ಭಾರತದಲ್ಲಿ ಅಹಮದಾಬಾದಿನ ಒಂದು ಕುಟುಂಬ ಹೀಗೆ ಹೆತ್ತ ಹೆಣ್ಣುಮಗುವಿನ ಅಸ್ಥಿಮಜ್ಜೆ 2020ರಲ್ಲಿ ಥಲಸೀಮಿಯಾ ಇದ್ದ ಅಣ್ಣನಿಗೆ ಹೋಯಿತು.

ಈ ಮಗು ತದ್ರೂಪಿಯಲ್ಲ. ಆದರೆ ಇನ್ನೊಬ್ಬರ ಉಪಯೋಗಕ್ಕೆಂದು ಹುಟ್ಟಿಸಿದ ಮಗು ಹೌದಲ್ಲವೇ? ನನ್ನ ಕುಶನ ವಾದವನ್ನೇ ಹಿಡಿದರೆ ಇದೂ ಕೂಡದು. ಹಾಗೆನ್ನಲು ನನಗೆ ಧೈರ್ಯವಿಲ್ಲ. ಧೈರ್ಯವಿರುವುದು ಒಳ್ಳೆಯದೆಂದೂ ಅನಿಸುವುದಿಲ್ಲ. ನನಗೆ ಕಾಣುವ ವ್ಯತ್ಯಾಸ ಇಷ್ಟು. ಆ ತಂಗಿ ಅಣ್ಣನನ್ನು ಉಳಿಸಲು ಹುಟ್ಟಿದಳು, ಅಣ್ಣನಾಗಲು ಅಲ್ಲ. ಮಜ್ಜೆ ಕೊಟ್ಟ ಮರುದಿನದಿಂದ ಅವಳ ಬದುಕು ಅವಳದೇ. ವಂಶಕ್ಕೊಬ್ಬ ಬೇಕು, ಹೊಲಕ್ಕೆ ಕೈ ಬೇಕು, ಮುದಿವಯಸ್ಸಿಗೆ ಆಸರೆ ಬೇಕು ಎಂದು ನಮ್ಮ ಅಜ್ಜಂದಿರು ಹೆತ್ತ ಮಕ್ಕಳೂ ಯಾವುದಕ್ಕೋ ಹುಟ್ಟಿದವರೇ. ಆದರೆ ಕಸಿ ವಿಫಲವಾದರೆ ಆ ಮಗುವನ್ನು ಮನೆಯವರು ಹೇಗೆ ನೋಡುತ್ತಾರೆ, ನಾಳೆ ಮೂತ್ರಪಿಂಡವೂ ಬೇಕಾದರೆ ಅವಳನ್ನು ಕೇಳುವವರು ಯಾರು, ಇವನ್ನು ಬರೆದು ಗೊತ್ತುಮಾಡಿದ ನಿಯಮ ಬೇಕು. ವೈದ್ಯರ, ತಂದೆತಾಯಿಯ ಒಳ್ಳೆಯತನಕ್ಕೆ ಮಾತ್ರ ಬಿಟ್ಟರೆ ಸಾಲದು. ಇಲ್ಲಿ ಕುಳಿತಿರುವ ವೈದ್ಯ ಮಿತ್ರರು ಒಪ್ಪದಿದ್ದರೆ ಚರ್ಚೆಯಲ್ಲಿ ಹೇಳಲಿ.

ಬಹ್ರೇನ್ ಇದಕ್ಕಿಂತ ಹಿಂದಿನ ಹೆಜ್ಜೆಯಲ್ಲೇ ಒಂದು ದಾರಿ ಮಾಡಿಕೊಂಡಿದೆ. 2004ರ ಕಾನೂನಿನ ಪ್ರಕಾರ ಮದುವೆಗೆ ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಫಲಿತಾಂಶ ನೋಡಿ ಮದುವೆ ತಡೆಯುವುದಿಲ್ಲ, ತಿಳಿಸಿ ಹೇಳುತ್ತಾರೆ, ನಿರ್ಧಾರ ಅವರದು. ಸೋದರಮಾವನಿಗೆ, ಅತ್ತೆಮಗನಿಗೆ ಕೊಟ್ಟು ತಂದು ಮಾಡುವ ನಮ್ಮವರೂ ಜಾತಕದ ಜೊತೆ ಈ ರಕ್ತಪರೀಕ್ಷೆಯ ಚೀಟಿಯನ್ನೂ ನೋಡಬಹುದು. ಖರ್ಚು ಜಾತಕದವರ ದಕ್ಷಿಣೆಗಿಂತ ಬಹಳ ಹೆಚ್ಚೇನಲ್ಲ.

ಆ ತಾಯಿಯನ್ನು ಮೂರು ವರ್ಷದ ಹಿಂದೆ ಊರಿನ ಒಂದು ಮದುವೆಯಲ್ಲಿ ಕಂಡೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದರು. ಅಂದಿನ ಫೋನಿನ ಮಾತು ತೆಗೆಯಲು ನನಗೆ ಪಾಯಸ ಬರುವವರೆಗೆ ಬೇಕಾಯಿತು. "ಅಂದು ನಾನು ಸರಿಯಾಗಿ ಉತ್ತರ ಹೇಳಲಿಲ್ಲಮ್ಮ" ಎಂದೆ. ಅವರು ಸ್ವಲ್ಪ ಹೊತ್ತು ಎಲೆ ನೋಡುತ್ತಾ ಕುಳಿತು, "ಕೂದಲು ಈಗಲೂ ಉಂಟು ಮಾಷ್ಟ್ರೇ. ನಿಮ್ಮನ್ನು ಕೇಳುವಾಗಲೇ ನನಗೆ ಗೊತ್ತಿತ್ತು. ಅವನ ವಿಷಯ ಯಾರ ಹತ್ತಿರವಾದರೂ ಮಾತಾಡಬೇಕಿತ್ತು. ನೀವು ಪಾಠ ಮಾಡಿಬಿಟ್ಟಿರಿ" ಎಂದರು. ಆಮೇಲೆ ಅವನು ನನ್ನ ತರಗತಿಯಲ್ಲಿ ಹೇಗಿದ್ದ ಎಂದು ಕೇಳಿದರು. ಕೈ ಒಣಗುವವರೆಗೂ ಹೇಳಿದೆ.